ತಮ್ಮವರನ್ನೇ ತಡವಿಕೊಂಡವರು

ಓದುಗರ ಪತ್ರ: "ಅಮೆರಿಕದ ರಾಜಕೀಯದ ಬಗ್ಗೆ ಬರೆಯುವಾಗಲೆಲ್ಲ ನಿಮ್ಮ ಪತ್ರಿಕೆ ಅಲ್ಲಿನ ಬಲಪಂಥೀಯ ಬ್ಲಾಗಿಗರನ್ನು ಪಕ್ಷದ ಬಾಡಿಗೆ ಬಂಟರಂತೆ ಚಿತ್ರಿಸುತ್ತದೆ. 2004ರಲ್ಲಿ ಸಿಬಿಎಸ್‌ನಂಥ ದೈತ್ಯ ಚಾನೆಲ್ಲನ್ನು ಮಂಡಿಯೂರಿಸಿದವರು ಇವರೇ ಅಲ್ಲವೇ? ಮನೆಯಲ್ಲಿ ಕೂತು ಬರೆಯುವವರನ್ನು ಕಂಡರೆ ಸಂಬಳದ ಸಂಪಾದಕರಿಗೆ ಹೊಟ್ಟೆಯುರಿ ಅಂದುಕೊಳ್ಳಲೇ? — ಓದುಗರೊಬ್ಬರು, ದಾವಣಗೆರೆ" (ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದಾರೆ.)

ಸಂಪಾದಕರ ಉತ್ತರ:

ಹೊಟ್ಟೆಯುರಿ ಒಂದಿಷ್ಟು ಇದ್ದೇ ಇದೆ, ಇಲ್ಲವೆನ್ನುವುದಿಲ್ಲ. ಅವರು ಆ ಸೆಪ್ಟೆಂಬರ್‌ನಲ್ಲಿ ಮಾಡಿದ ಕೆಲಸ ಯಾವ ಸಂಪಾದಕನೂ ಕರುಬುವಂಥದ್ದೇ.

ಆ ಪ್ರಕರಣ ನೆನಪಿಲ್ಲದವರಿಗಾಗಿ ಹೇಳುತ್ತೇನೆ. 2004ರ ಸೆಪ್ಟೆಂಬರ್ 8ರ ರಾತ್ರಿ ಸಿಬಿಎಸ್‌ನ '60 ಮಿನಿಟ್ಸ್' ಕಾರ್ಯಕ್ರಮದಲ್ಲಿ ಚಾನೆಲ್ಲಿನ ಹೆಸರಾಂತ ಸುದ್ದಿನಿರೂಪಕ ಡ್ಯಾನ್ ರಾದರ್ ಕೆಲವು ಮೆಮೊಗಳನ್ನು (ಕಚೇರಿ ಟಿಪ್ಪಣಿಗಳನ್ನು) ತೋರಿಸಿದರು. ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಯುವಕರಾಗಿದ್ದಾಗ ಟೆಕ್ಸಸ್‌ನ ಏರ್ ನ್ಯಾಷನಲ್ ಗಾರ್ಡ್‌ ಎಂಬ ವಾಯು ಮೀಸಲು ಪಡೆಯಲ್ಲಿ ಕರ್ತವ್ಯಕ್ಕೆ ಚಕ್ಕರ್ ಹೊಡೆದಿದ್ದರು, ಮೇಲಿನವರು ಅದಕ್ಕೆ ತೇಪೆ ಹಚ್ಚಲು ನೋಡಿದ್ದರು ಎಂಬುದು ಅವುಗಳ ಸಾರ. 1972–73ರಲ್ಲಿ ಜೆರ್ರಿ ಕಿಲಿಯನ್ ಎಂಬ ಅಧಿಕಾರಿ ಬರೆದಿಟ್ಟದ್ದು ಅಂದರು; ಕೇಳೋಣವೆಂದರೆ ಆತ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅಧ್ಯಕ್ಷೀಯ ಚುನಾವಣೆಗೆ ಉಳಿದಿದ್ದು ಎರಡೇ ತಿಂಗಳು.

ಆ ರಾತ್ರಿಯೇ ಬಲಪಂಥೀಯರ ಚರ್ಚಾತಾಣ ಫ್ರೀ ರಿಪಬ್ಲಿಕ್‌ನಲ್ಲಿ 'ಬಕ್‌ಹೆಡ್' ಎಂಬ ಅಡ್ಡಹೆಸರಿನವರೊಬ್ಬರು ತಕರಾರು ತೆಗೆದರು. ಆ ಕಾಲದ ಕಚೇರಿ ಟೈಪ್‌ರೈಟರುಗಳಲ್ಲಿ ತೆಳ್ಳಗಿನ 'ಐ'ಗೂ ಅಗಲದ 'ಎಂ'ಗೂ ಸಾಮಾನ್ಯವಾಗಿ ಒಂದೇ ಅಳತೆಯ ಜಾಗ. ಈ ಮೆಮೊಗಳಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಗಲ ಬಂದದ್ದು ಹೇಗೆ? ಮರುದಿನ ಬೆಳಿಗ್ಗೆ ವಕೀಲ ಗೆಳೆಯರು ನಡೆಸುತ್ತಿದ್ದ ಪವರ್ ಲೈನ್ ಬ್ಲಾಗ್ ಇದನ್ನು ಎತ್ತಿಕೊಂಡಿತು. ಓದುಗರಿಂದ ಮಾಹಿತಿ ಬರುತ್ತ ಹೋಯಿತು, ಪುಟ ಬೆಳೆಯುತ್ತ ಹೋಯಿತು. ಲಿಟಲ್ ಗ್ರೀನ್ ಫುಟ್‌ಬಾಲ್ಸ್ ಬ್ಲಾಗಿನ ಚಾರ್ಲ್ಸ್ ಜಾನ್ಸನ್ ಇನ್ನೂ ಸರಳವಾದ ಕೆಲಸ ಮಾಡಿದರು. ಮೈಕ್ರೋಸಾಫ್ಟ್ ವರ್ಡ್ ತೆರೆದು, ಯಾವ ಸೆಟ್ಟಿಂಗೂ ಬದಲಿಸದೆ, ಮೆಮೊ ಒಂದನ್ನು ಇದ್ದಹಾಗೇ ಟೈಪ್ ಮಾಡಿ, ಸಿಬಿಎಸ್ ಕೊಟ್ಟ ಪ್ರತಿಯ ಮೇಲಿಟ್ಟರು. ಸಾಲುಗಳು ಅದೇ ಜಾಗದಲ್ಲಿ ತುಂಡಾದವು, ಅಕ್ಷರದ ಮೇಲೆ ಅಕ್ಷರ ಕೂತಿತು. ಎರಡೂ ಒಂದರ ಹಿಂದೊಂದು ಮಿನುಗುವಂತೆ ಚಿತ್ರ ಮಾಡಿ ಹಾಕಿದ ಮೇಲೆ ಓದುಗನಿಗೆ ಯಾರ ಮಾತೂ ಬೇಕಿರಲಿಲ್ಲ.

ಸಿಬಿಎಸ್‌ನ ಮಾಜಿ ಅಧಿಕಾರಿ ಜಾನಥನ್ ಕ್ಲೈನ್, ನಮ್ಮ ಕಾರ್ಯಕ್ರಮಕ್ಕೆ ಹಲವು ಹಂತದ ಪರಿಶೀಲನೆ ಇದೆ, ಇವನು ಯಾರೋ ಮನೆಯ ಪಡಸಾಲೆಯಲ್ಲಿ ಪೈಜಾಮ ಹಾಕಿಕೊಂಡು ಕೂತವನು ಎಂಬರ್ಥದ ಮಾತಾಡಿದರು. ಪೈಜಾಮದವರು ಆ ಬೈಗುಳವನ್ನೇ ಬಿರುದು ಮಾಡಿಕೊಂಡರು. ಹನ್ನೆರಡು ದಿನ ಹಟ ಹಿಡಿದ ಸಿಬಿಎಸ್ ಸೆಪ್ಟೆಂಬರ್ 20ರಂದು ದಾಖಲೆಗಳ ಸಾಚಾತನ ಸಾಬೀತುಪಡಿಸಲಾರೆವು ಎಂದು ಒಪ್ಪಿಕೊಂಡಿತು. 2005ರ ಜನವರಿಯಲ್ಲಿ ತನಿಖಾ ಸಮಿತಿಯ ವರದಿ ಬಂತು. ನಿರ್ಮಾಪಕಿ ಮೇರಿ ಮೇಪ್ಸ್ ವಜಾಗೊಂಡರು, ಇನ್ನೂ ಮೂವರಿಗೆ ರಾಜೀನಾಮೆ ಕೊಡಲು ಹೇಳಲಾಯಿತು. ಮಾರ್ಚ್‌ನಲ್ಲಿ ರಾದರ್ ಸುದ್ದಿಪೀಠದಿಂದ ಇಳಿದರು. ಒಂದು ಮಾತು ಮಾತ್ರ ನೆನಪಿಡಿ: ದಾಖಲೆಗಳು ಖೋಟಾ ಎಂದು ಆ ಸಮಿತಿ ಖಚಿತವಾಗಿ ತೀರ್ಪು ಕೊಡಲಿಲ್ಲ, ಪರಿಶೀಲಿಸದೆ, ತರಾತುರಿಯಲ್ಲಿ ಪ್ರಸಾರ ಮಾಡಿದಿರಿ ಎಂದಿತು. ಪತ್ರಕರ್ತನಿಗೆ ಅಷ್ಟೇ ಸಾಕು, ಮುಖ ಕೆಂಪಾಗಲು.

ಬಕ್‌ಹೆಡ್ ಯಾರೆಂಬುದು ಆಮೇಲೆ ಬಯಲಾಯಿತು: ಅಟ್ಲಾಂಟಾದ ವಕೀಲರು, ರಿಪಬ್ಲಿಕನ್ ವಲಯದಲ್ಲಿ ಓಡಾಡಿಕೊಂಡಿದ್ದವರು. 'ನೋಡಿ, ಪಕ್ಷದವನೇ!' ಎಂದು ಎಡಪಂಥೀಯರು ಕುಣಿದಾಡಿದರು. ಅದರಲ್ಲಿ ಕುಣಿಯುವಂಥದ್ದೇನೂ ನನಗೆ ಕಾಣುವುದಿಲ್ಲ. ಅಕ್ಷರದ ಅಗಲಕ್ಕೆ ಪಕ್ಷವಿಲ್ಲ. ಆತ ಹೇಳಿದ್ದನ್ನು ಯಾರು ಬೇಕಾದರೂ ಅಳೆದು ನೋಡಬಹುದಿತ್ತು.

ಬಾಡಿಗೆಯ ಮಾತು ಬೇರೆ. ಅದಕ್ಕೆ ಅದೇ ವರ್ಷದ ಸೌತ್ ಡಕೋಟಾಕ್ಕೆ ಹೋಗಬೇಕು. ಅಮೆರಿಕದ ಮೇಲ್ಮನೆ ಸೆನೆಟ್‌ನಲ್ಲಿ ಡೆಮಾಕ್ರಟರ ನಾಯಕರಾಗಿದ್ದ ಟಾಮ್ ಡ್ಯಾಶ್ಲ್ ಎದುರು ರಿಪಬ್ಲಿಕನ್ ಜಾನ್ ಥೂನ್ ನಿಂತಿದ್ದರು. ಕೆಲವು ಸ್ಥಳೀಯ ಬ್ಲಾಗುಗಳು ದಿನಬೆಳಗಾದರೆ ಡ್ಯಾಶ್ಲ್ ಮೇಲೆ, ಜೊತೆಗೆ ರಾಜ್ಯದ ದೊಡ್ಡ ಪತ್ರಿಕೆ 'ಆರ್ಗಸ್ ಲೀಡರ್' ಮೇಲೆ ಮುಗಿಬೀಳುತ್ತಿದ್ದವು: ಪತ್ರಿಕೆ ಡ್ಯಾಶ್ಲ್ ಜೇಬಿನಲ್ಲಿದೆ, ಸತ್ಯ ಬೇಕಿದ್ದರೆ ನಮ್ಮನ್ನು ಓದಿ. ಥೂನ್ ಸುಮಾರು ನಾಲ್ಕೂವರೆ ಸಾವಿರ ಮತಗಳಿಂದ ಗೆದ್ದರು. ಚುನಾವಣೆ ಮುಗಿದ ಮೇಲೆ ಪ್ರಚಾರ ವೆಚ್ಚದ ಲೆಕ್ಕ ಹೊರಬಿತ್ತು. ಆ ಬ್ಲಾಗಿಗರಲ್ಲಿ ಒಬ್ಬರಿಗೆ 27,000 ಡಾಲರ್, ಇನ್ನೊಬ್ಬರಿಗೆ 8,000 ಡಾಲರ್ ಥೂನ್ ಪ್ರಚಾರ ಸಮಿತಿಯಿಂದಲೇ ಸಂದಿತ್ತು. ಪತ್ರಿಕೆಯ ಪಕ್ಷಪಾತ ಬಯಲು ಮಾಡುತ್ತಿದ್ದವರು ತಮ್ಮ ಪಗಾರದ ವಿಷಯವನ್ನು ಪುಟದಲ್ಲಿ ಓದುಗರಿಗೆ ತಿಳಿಸಿರಲಿಲ್ಲ. ಎಡಗಡೆಯೂ ಹೀಗೆ ಹಣ ಪಡೆದವರಿದ್ದರು. ಡೈಲಿ ಕಾಸ್ ಬ್ಲಾಗಿನ ಮಾರ್ಕೋಸ್ ಮೂಲಿಟ್ಸಾಸ್, ಡೆಮಾಕ್ರಟರ ಅಧ್ಯಕ್ಷೀಯ ಟಿಕೆಟ್ ಆಕಾಂಕ್ಷಿ ಹೊವಾರ್ಡ್ ಡೀನ್ ಪರ ಕೆಲಸ ಮಾಡುವಾಗ ತಮ್ಮ ತಾಣದಲ್ಲೇ ಅದನ್ನು ಹೇಳಿಕೊಂಡಿದ್ದರು. ವ್ಯತ್ಯಾಸ ಸಣ್ಣದೇನಲ್ಲ.

ಇಷ್ಟಾದರೂ, ಈ ಬಳಗದ ಅತಿ ದೊಡ್ಡ ಸಾಧನೆ ರಾದರ್ ಪ್ರಕರಣ ಎನ್ನುವುದಾದರೆ ನಾನು ಒಪ್ಪುವುದಿಲ್ಲ. ಎದುರಾಳಿಯ ತಪ್ಪು ಹುಡುಕಲು ಉತ್ಸಾಹ ತಾನಾಗಿಯೇ ಬರುತ್ತದೆ. ನನಗೆ ಅವರು ದೊಡ್ಡವರಾಗಿ ಕಂಡದ್ದು ಮರುವರ್ಷ, ತಮ್ಮದೇ ಪಕ್ಷದವರ ಕೊರಳಪಟ್ಟಿಗೆ ಕೈಹಾಕಿದಾಗ. 2005ರ ಅಕ್ಟೋಬರ್ 3ರಂದು ಬುಷ್ ತಮ್ಮ ಕಚೇರಿಯ ವಕೀಲೆ ಹ್ಯಾರಿಯೆಟ್ ಮೈಯರ್ಸ್ ಅವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ನ್ಯಾಯಾಧೀಶೆಯಾಗಿ ಒಂದು ದಿನವೂ ಕೂತವರಲ್ಲ. ಬುಷ್ ಅಭಿಮಾನಿಗಳೇ ತಿರುಗಿಬಿದ್ದರು. ಅಂಕಣಕಾರರ ಜೊತೆ ಬ್ಲಾಗಿಗರೂ ಸೇರಿ ಎಬ್ಬಿಸಿದ ಗದ್ದಲಕ್ಕೆ ಅಕ್ಟೋಬರ್ 27ರಂದು ಮೈಯರ್ಸ್ ಹಿಂದೆ ಸರಿದರು.

ಅದಕ್ಕಿಂತ ಸೊಗಸಾದದ್ದು ಪೋರ್ಕ್‌ಬಸ್ಟರ್ಸ್ ಚಳವಳಿ. ಕತ್ರಿನಾ ಚಂಡಮಾರುತದ ನಂತರ, ಟೆನೆಸೀಯ ಕಾನೂನು ಪ್ರಾಧ್ಯಾಪಕ, 'ಇನ್‌ಸ್ಟಾಪಂಡಿತ್' ಬ್ಲಾಗಿನ ಗ್ಲೆನ್ ರೆನಾಲ್ಡ್ಸ್ ಮತ್ತೊಬ್ಬ ಬ್ಲಾಗಿಗರ ಜೊತೆ ಸೇರಿ ಇದನ್ನು ಶುರು ಮಾಡಿದರು. ಓದುಗರಿಗೆ ಕೊಟ್ಟ ಕೆಲಸ ಇಷ್ಟೇ: ನಿಮ್ಮ ಸಂಸದ ಮತ ಗಿಟ್ಟಿಸಲೆಂದೇ ತಂದ ದಂಡದ ಕಾಮಗಾರಿ ಯಾವುದು ಹುಡುಕಿ, ಅದನ್ನು ಕೈಬಿಡುವಿರಾ ಎಂದು ಅವರನ್ನೇ ಕೇಳಿ. ಅಲಾಸ್ಕದಲ್ಲಿ ಸುಮಾರು ಐವತ್ತು ಜನರಿರುವ ಗ್ರಾವಿನಾ ದ್ವೀಪಕ್ಕೆ ಸೇತುವೆ ಕಟ್ಟಲು 22.3 ಕೋಟಿ ಡಾಲರ್ ತೆಗೆದಿಟ್ಟದ್ದು ಆಗಲೇ ಊರೆಲ್ಲ ಮಾತಾಗಿತ್ತು. ಆ ಹಣ ಮುಟ್ಟಿದರೆ ರಾಜೀನಾಮೆ ಕೊಡುತ್ತೇನೆಂದು ಸೆನೆಟ್‌ನಲ್ಲಿ ಗುಡುಗಿದವರು ಟೆಡ್ ಸ್ಟೀವನ್ಸ್, ರಿಪಬ್ಲಿಕನ್ ಪಕ್ಷದ ಹಿರಿಯ.

2006ರಲ್ಲಿ, ಸರ್ಕಾರದ ಗುತ್ತಿಗೆ–ಅನುದಾನಗಳೆಲ್ಲ ಜನ ಹುಡುಕಿ ನೋಡುವಂತೆ ಜಾಲತಾಣದಲ್ಲಿ ಇರಬೇಕೆಂಬ ಮಸೂದೆ ಬಂತು. ತಂದವರು ರಿಪಬ್ಲಿಕನ್ ಟಾಮ್ ಕೋಬರ್ನ್ ಮತ್ತು ಡೆಮಾಕ್ರಟ್ ಬರಾಕ್ ಒಬಾಮ. ಯಾರೋ ಸೆನೆಟರ್ ಅದನ್ನು ಗುಟ್ಟಾಗಿ ತಡೆಹಿಡಿದರು. ಹೆಸರು ಹೇಳದೆ ಹಾಗೆ ಮಾಡಲು ಅಲ್ಲಿನ ಪದ್ಧತಿ ಅವಕಾಶ ಕೊಡುತ್ತಿತ್ತು. ಬ್ಲಾಗಿಗರು ನೂರು ಸೆನೆಟರುಗಳ ಪಟ್ಟಿ ಹಾಕಿದರು. ಓದುಗರು ತಂತಮ್ಮ ಸೆನೆಟರ ಕಚೇರಿಗೆ ಫೋನ್ ಮಾಡಿ 'ತಡೆದದ್ದು ನೀವೇನು?' ಎಂದು ಕೇಳುವುದು, 'ಅಲ್ಲ' ಅಂದವರ ಹೆಸರು ಹೊಡೆದುಹಾಕುವುದು. ಎಡಪಂಥೀಯ ತಾಣ ಟಿಪಿಎಂ ಮಕ್‌ರೇಕರ್‌ನ ಓದುಗರೂ ಇದೇ ಕೆಲಸಕ್ಕೆ ಇಳಿದರು. ಪಟ್ಟಿ ಕರಗುತ್ತ ಬಂದು, ಆಗಸ್ಟ್ ಕೊನೆಗೆ ಸ್ಟೀವನ್ಸ್ ಕಚೇರಿ ಬಾಯಿ ಬಿಟ್ಟಿತು. ಹಿಂದೆಯೇ ಡೆಮಾಕ್ರಟ್ ರಾಬರ್ಟ್ ಬರ್ಡ್ ಕೂಡ ಒಪ್ಪಿಕೊಂಡರು. ಸೆಪ್ಟೆಂಬರ್ 26ರಂದು ಬುಷ್ ಸಹಿಯಾಯಿತು. 'ಯುಎಸ್‌ಎ ಸ್ಪೆಂಡಿಂಗ್' ತಾಣ ಇವತ್ತಿಗೂ ಇದೆ, ಬೇಕಿದ್ದರೆ ತೆರೆದು ನೋಡಿ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಗಾಳಿ ಬೇರೆ ಕಡೆಗೆ ಬೀಸಿತ್ತು. 2010ರ ಜುಲೈ 19ರಂದು ಬಲಪಂಥೀಯ ಬ್ಲಾಗಿಗ ಆಂಡ್ರ್ಯೂ ಬ್ರೈಟ್‌ಬಾರ್ಟ್ ಒಂದು ವಿಡಿಯೊ ತುಣುಕು ಹಾಕಿದರು. ಜಾರ್ಜಿಯಾದಲ್ಲಿ ಕೇಂದ್ರ ಕೃಷಿ ಇಲಾಖೆಯ ಅಧಿಕಾರಿ, ಕಪ್ಪು ಮಹಿಳೆ ಶರ್ಲಿ ಶೆರಡ್, ಬಿಳಿಯ ರೈತನೊಬ್ಬನಿಗೆ ತಾನು ಪೂರ್ತಿ ನೆರವಾಗಲಿಲ್ಲ ಎನ್ನುತ್ತಿರುವಂತೆ ಅದರಲ್ಲಿತ್ತು. ಒಬಾಮ ಸರ್ಕಾರ ಹಿಂದುಮುಂದು ನೋಡದೆ ಆ ದಿನವೇ ಆಕೆಯಿಂದ ರಾಜೀನಾಮೆ ಪಡೆಯಿತು. ಮರುದಿನ ಪೂರ್ತಿ ಭಾಷಣ ಹೊರಬಂತು: ಜನಾಂಗದ ಹಗೆಯನ್ನು ತಾನು ದಾಟಿದ್ದು ಹೇಗೆಂಬ ಕತೆ ಅದು. ನಮ್ಮ ಜಮೀನು ಉಳಿಸಿದ್ದೇ ಆಕೆ ಎಂದು ಆ ರೈತ ದಂಪತಿ ಟಿವಿಗೆ ಹೇಳಿದರು. ರಾದರ್ ತೋರಿಸಿದ ದಾಖಲೆಗೆ ಅಷ್ಟು ಸೂಕ್ಷ್ಮವಾಗಿ ಅಳತೆಪಟ್ಟಿ ಹಿಡಿದ ಬಳಗದಲ್ಲಿ, ಈ ತುಣುಕಿನ ಹಿಂದುಮುಂದೇನು ಎಂದು ಮೊದಲ ದಿನವೇ ಕೇಳಿದವರು ವಿರಳ. ಅಂದಹಾಗೆ, ಆ ಮಿನುಗುವ ಚಿತ್ರ ಮಾಡಿದ ಚಾರ್ಲ್ಸ್ ಜಾನ್ಸನ್ 2009ರ ಕೊನೆಯಲ್ಲೇ ಕಾರಣಗಳನ್ನು ಪಟ್ಟಿ ಮಾಡಿ ಬಲಪಂಥಕ್ಕೆ ದೊಡ್ಡ ನಮಸ್ಕಾರ ಹೇಳಿ ಹೊರನಡೆದಿದ್ದರು.

ಪತ್ರದ ಜೊತೆ ನಿಮ್ಮ ಬ್ಲಾಗಿನ ಲೇಖನವನ್ನೂ ಲಗತ್ತಿಸಿದ್ದೀರಿ, ಹೆಸರಿಲ್ಲದೆ ಛಾಪಿಸುವಿರಾ ಎಂದು ಕೇಳಿದ್ದೀರಿ. ಅಡ್ಡಹೆಸರಿಗೆ ನನ್ನ ಅಡ್ಡಿಯಿಲ್ಲ. ಯಾವುದಾದರೂ ಪಕ್ಷದ ಐಟಿ ಸೆಲ್‌ನಿಂದ ಹಣ ಬರುತ್ತಿದ್ದರೆ ಅದನ್ನು ಲೇಖನದ ತಲೆಯಲ್ಲೇ ಹಾಕುತ್ತೇವೆ. ಬರುತ್ತಿಲ್ಲವೆಂದರೆ ಹಾಗೆಂದು ಲಿಖಿತವಾಗಿ ಕೊಡಿ. ಇನ್ನೊಂದು: ರಸ್ತೆ ಕಾಮಗಾರಿಯ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ ಹಿಂದಿನ ಶಾಸಕರನ್ನು ಚೆನ್ನಾಗಿಯೇ ಹಿಡಿದಿದ್ದೀರಿ. ನೀವು ಹಾಡಿಹೊಗಳಿರುವ ಈಗಿನ ಶಾಸಕರ ಅವಧಿಯ ಲೆಕ್ಕಕ್ಕೂ ಒಂದು ಅರ್ಜಿ ಹಾಕಿ. ಉತ್ತರ ಬಂದ ಮೇಲೆ ಎರಡನ್ನೂ ಸೇರಿಸಿ ಕಳಿಸಿ, ಪುಟ ಕಾಯ್ದಿರಿಸುತ್ತೇನೆ.