‘ಪೆಟ್ ಕ್ವಾಲಿಟಿ’ ಮರಿ ಎಂದರೆ ಆರೋಗ್ಯ ಕಡಿಮೆಯ ಮರಿಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ದಾವಣಗೆರೆಯಲ್ಲಿ ಪರಿಚಯದವರೊಬ್ಬರ ಮನೆಯ ಲ್ಯಾಬ್ರಡಾರ್ ಏಳು ಮರಿ ಹಾಕಿದೆ, ಎರಡನ್ನು ‘ಶೋ ಕ್ವಾಲಿಟಿ’ ಎಂದು 25 ಸಾವಿರ ರೂಪಾಯಿ ಹೇಳುತ್ತಿದ್ದಾರೆ, ಉಳಿದ ಐದನ್ನು ‘ಪೆಟ್ ಕ್ವಾಲಿಟಿ’ ಎಂದು 9 ಸಾವಿರಕ್ಕೆ ಕೊಡುತ್ತಾರೆ; ಬೆಲೆ ಕಡಿಮೆಯಾದರೆ ಆರೋಗ್ಯವೂ ಕಡಿಮೆಯೇ ಎಂಬುದು ಮೊದಲನೆಯದು. ಹೆಣ್ಣು ಮರಿಯನ್ನು ತಂದರೆ ಅದರ ಆರೋಗ್ಯಕ್ಕಾಗಿ ಒಂದು ಸೂಲಾದರೂ ಆಗಬೇಕೇ ಎಂಬುದು ಎರಡನೆಯದು. ನಾನು ಇದೇ ಊರಿನ ವಿದ್ಯಾನಗರದಲ್ಲಿದ್ದೇನೆ. ಹದಿನೇಳು ವರ್ಷಗಳಿಂದ ಲ್ಯಾಬ್ರಡಾರ್ ಸಾಕುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಮರಿ ಮಾಡಿಸಿದ್ದು ಮೂರೇ ಸಲ. ನಾನು ಪಶುವೈದ್ಯನಲ್ಲ, ವೈದ್ಯರಿಂದ ಕಲಿತದ್ದನ್ನು ಮತ್ತು ಕೈಯಾರೆ ಮಾಡಿ ನೋಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಆ ಮಾತಿನ ಅರ್ಥವನ್ನು ಬಿಡಿಸಿಕೊಳ್ಳೋಣ. ಪ್ರತಿಯೊಂದು ತಳಿಗೂ ನಾಯಿ ಪ್ರದರ್ಶನದಲ್ಲಿ ನೋಡುವ ಲಕ್ಷಣಗಳ ಪಟ್ಟಿಯೊಂದು ಇರುತ್ತದೆ: ತಲೆಯ ಆಕಾರ, ಬಾಲದ ದಪ್ಪ, ಹಲ್ಲು ಕೂಡುವ ರೀತಿ, ಬಣ್ಣ, ನಡಿಗೆ. ಇವುಗಳಲ್ಲಿ ಒಂದೆರಡು ಅಂಕ ಕಡಿಮೆಯಾಗುವ ಮರಿಗೆ ಪೆಟ್ ಕ್ವಾಲಿಟಿ ಎನ್ನುತ್ತಾರೆ. ನಮ್ಮ ಕಡೆ ಎತ್ತು ಕೊಳ್ಳುವವರು ಸುಳಿ ನೋಡುವುದನ್ನು ನೀವು ಕಂಡಿರಬಹುದು. ಸುಳಿ ಸರಿಯಿಲ್ಲವೆಂದು ಜೋಡಿಯ ಬೆಲೆ ಇಳಿಯುತ್ತದೆ, ಆದರೆ ಅದೇ ಎತ್ತು ಹತ್ತು ವರ್ಷ ನೇಗಿಲು ಎಳೆಯುತ್ತದೆ. ಕಾಲು ಕುಂಟುವ ಎತ್ತನ್ನು ಮಾತ್ರ ‘ಸುಳಿ ಸ್ವಲ್ಪ ಸರಿಯಿಲ್ಲ, ಕಡಿಮೆಗೆ ಹಿಡಿದುಕೊಂಡು ಹೋಗಿ’ ಎಂದು ಯಾರಾದರೂ ಕೊಟ್ಟರೆ ಅದು ವಂಚನೆ. ನಾಯಿಮರಿಯ ವಿಷಯದಲ್ಲಿಯೂ ನನ್ನ ನಿಲುವು ಇಷ್ಟೇ: ಬೆಲೆ ಕಡಿಮೆಯಾಗುವುದಾದರೆ ಅದು ಚೆಲುವಿನ ಲೆಕ್ಕದಲ್ಲಿ ಆಗಬೇಕು, ಆರೋಗ್ಯದ ಲೆಕ್ಕದಲ್ಲಿ ಆಗಕೂಡದು. ಒಂದೇ ತಾಯಿಯ ಏಳು ಮರಿಗಳು ಒಂದೇ ಹಾಲು ಕುಡಿದಿರುತ್ತವೆ. ತಾಯಿ ತಂದೆಗೆ ಮಾಡಿಸಿದ ಪರೀಕ್ಷೆ, ಮರಿಗಳಿಗೆ ಕೊಟ್ಟ ಜಂತಿನ ಔಷಧಿ, ಹಾಕಿಸಿದ ಲಸಿಕೆ ಏಳಕ್ಕೂ ಒಂದೇ ಆಗಿರಬೇಕು. ‘ಇದು ಪೆಟ್ ಮರಿ, ಇದಕ್ಕೆ ಅವೆಲ್ಲ ಮಾಡಿಸಿಲ್ಲ’ ಎಂದು ಅವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಪ್ರದರ್ಶನಕ್ಕೆ ಹೋಗದ ನಾಯಿಯೇ ಹನ್ನೆರಡು ವರ್ಷ ನಿಮ್ಮ ಮಕ್ಕಳ ಜೊತೆ ಮಲಗಿ ಏಳುವ ನಾಯಿ. ಆರೋಗ್ಯ ಅದಕ್ಕೇ ಹೆಚ್ಚು ಬೇಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಮೊದಲ ನಾಯಿಯನ್ನು ನಾನು ತಂದದ್ದು ಇದೇ ಮಾತನ್ನು ನಂಬಿ. ಐದು ವಾರದ ಮರಿ. ತಾಯಿಯನ್ನು ತೋರಿಸಿ ಎಂದಾಗ ‘ತೋಟದ ಮನೆಯಲ್ಲಿದೆ’ ಎಂದರು, ನಾನೂ ಮತ್ತೆ ಕೇಳಲಿಲ್ಲ. ಹತ್ತನೆಯ ತಿಂಗಳಿನಲ್ಲಿ ಅದು ಮೆಟ್ಟಿಲು ಹತ್ತುವಾಗ ಎರಡೂ ಹಿಂಗಾಲುಗಳನ್ನು ಮೊಲದ ಹಾಗೆ ಒಟ್ಟಿಗೆ ಎತ್ತಿ ಹಾಕತೊಡಗಿತು. ನಮಗೆಲ್ಲ ಅದೊಂದು ಮುದ್ದಾಟವಾಗಿ ಕಂಡಿತ್ತು. ಬೆಳಿಗ್ಗೆ ಏಳುವಾಗ ಮುಂಗಾಲುಗಳ ಮೇಲೆ ಭಾರ ಬಿಟ್ಟು, ಹಿಂಭಾಗವನ್ನು ನಿಧಾನವಾಗಿ ಎಳೆದುಕೊಂಡು ನಿಲ್ಲುವುದನ್ನು ನೋಡಿದ ಮೇಲೆ ಎಕ್ಸ್‌-ರೇ ತೆಗೆಸಿದೆವು. ಸೊಂಟದ ಎರಡೂ ಕೀಲುಗಳಲ್ಲಿ ತೊಡೆಮೂಳೆಯ ಗುಂಡು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಹಿಪ್ ಡಿಸ್‌ಪ್ಲೇಸಿಯಾ ಎನ್ನುವುದು ಇದನ್ನೇ. ಒಂಬತ್ತು ವರ್ಷ ಬದುಕಿದ ಆ ನಾಯಿ ಚಳಿಗಾಲದ ಒಂದು ಬೆಳಿಗ್ಗೆಯೂ ನೋವಿಲ್ಲದೆ ಎದ್ದದ್ದನ್ನು ನಾನು ಕಾಣಲಿಲ್ಲ.

ಈ ರೋಗದ ಕಷ್ಟವೇನೆಂದರೆ ಎಂಟು ವಾರದ ಮರಿಯನ್ನು ಎಷ್ಟೇ ತಿರುಗಿಸಿ ನೋಡಿದರೂ ಇದು ಕಾಣುವುದಿಲ್ಲ. ಹುಟ್ಟುವಾಗ ಕೀಲು ಸರಿಯಾಗಿಯೇ ಇರುತ್ತದೆ, ಬೆಳೆಯುತ್ತ ಸಡಿಲವಾಗುತ್ತದೆ. ಒಂದು ವಂಶವಾಹಿಯಲ್ಲ, ಅನೇಕ ವಂಶವಾಹಿಗಳು ಸೇರಿ ಇದನ್ನು ತರುತ್ತವೆ. ಅದರ ಮೇಲೆ ಅತಿಯಾದ ತೂಕ, ಜಾರುವ ನೆಲ, ಎಳವೆಯಲ್ಲಿ ಮಾಡಿಸುವ ಜಿಗಿತ ಸೇರಿ ಹೆಚ್ಚಾಗುತ್ತದೆ. ಆದ್ದರಿಂದ ನೋಡಬೇಕಾದದ್ದು ಮರಿಯ ಕಾಲನ್ನಲ್ಲ, ತಾಯಿ ತಂದೆಯ ಎಕ್ಸ್‌-ರೇಯನ್ನು. ಎರಡು ವರ್ಷ ತುಂಬಿದ ಮೇಲೆ ತೆಗೆದ ಚಿತ್ರ ಹೆಚ್ಚು ನಂಬಿಕೆಗೆ ಅರ್ಹ. ಹೆತ್ತವರ ಕೀಲು ಚೆನ್ನಾಗಿದ್ದರೆ ಮರಿಗಳಿಗೆ ಬರುವುದೇ ಇಲ್ಲವೆಂದಲ್ಲ, ಬರುವ ಸಂಭವ ಕಡಿಮೆ. ಉಳಿದದ್ದು ನಿಮ್ಮ ಕೈಯಲ್ಲಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದರಲ್ಲಿ, ಜೊತೆಗಾರ ನಾಯಿಗಿಂತ ಶೇ. 25ರಷ್ಟು ಕಡಿಮೆ ಆಹಾರ ತಿಂದು ತೆಳ್ಳಗೆ ಉಳಿದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳಿಗೆ ಕೀಲುಬೇನೆಯೂ ತಡವಾಗಿ ಬಂದಿತು. ನಮ್ಮ ಮನೆಗಳಲ್ಲಿ ನಾಯಿ ದುಂಡಗಿದ್ದರೆ ಚೆನ್ನಾಗಿ ಸಾಕಿದ್ದಾರೆ ಎನ್ನುತ್ತಾರೆ. ಬೆಣ್ಣೆ ದೋಸೆಯ ತುಂಡನ್ನು ದಿನವೂ ಹಾಕುವ ಪ್ರೀತಿ ಕೊನೆಗೆ ಆ ನಾಯಿಯ ಸೊಂಟದ ಮೇಲೆಯೇ ಕೂರುತ್ತದೆ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಅಂಗೈ ಸವರಿದರೆ ಒಂದೊಂದಾಗಿ ಕೈಗೆ ಸಿಗಬೇಕು.

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ನಾನೂ ಬಹಳ ಕಾಲ ನಂಬಿದ್ದೆ. ತಾಯಿಯನ್ನು ನೋಡುವುದು ಅಗತ್ಯವೇ. ಆದರೆ ಕೆಲವು ರೋಗಗಳಿಗೆ ಈ ಗಾದೆ ಸಾಲದು. ಲ್ಯಾಬ್ರಡಾರ್‌ಗಳಲ್ಲಿ ಪಿಆರ್‌ಎ ಎಂಬ ಕಣ್ಣಿನ ರೋಗವಿದೆ. ಮೊದಲು ಇರುಳುಗಣ್ಣು ಬರುತ್ತದೆ, ಕೊನೆಗೆ ಪೂರ್ತಿ ಕುರುಡು. ಈ ದೋಷದ ಒಂದು ಪ್ರತಿ ಮಾತ್ರ ಇರುವ ನಾಯಿಗೆ ಏನೂ ಆಗುವುದಿಲ್ಲ, ಜೀವಮಾನವಿಡೀ ಚೆನ್ನಾಗಿ ನೋಡುತ್ತದೆ. ಅಂಥ ಎರಡು ನಾಯಿಗಳನ್ನು ಕೂಡಿಸಿದಾಗ ಒಂದೊಂದು ಮರಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹೊರಗಿನಿಂದ ಇಬ್ಬರೂ ಹೆತ್ತವರು ಆರೋಗ್ಯವಂತರೇ. ಕೆನ್ನೆಯ ಒಳಭಾಗವನ್ನು ಒರೆಸಿ ತೆಗೆದ ಮಾದರಿಯಿಂದಲೋ ರಕ್ತದಿಂದಲೋ ಇದನ್ನು ಪರೀಕ್ಷೆ ಮಾಡಬಹುದು. ಒಂದು ಪ್ರತಿ ಇದೆಯೆಂದು ಗೊತ್ತಾದ ಒಳ್ಳೆಯ ನಾಯಿಯನ್ನು ತಳಿಯಿಂದಲೇ ತೆಗೆದುಹಾಕಬೇಕಾಗಿಯೂ ಇಲ್ಲ. ದೋಷವೇ ಇಲ್ಲದ ನಾಯಿಯೊಂದಿಗೆ ಕೂಡಿಸಿದರೆ ಒಂದು ಮರಿಗೂ ರೋಗ ಬರುವುದಿಲ್ಲ. ಹೊಣೆಯರಿತವರಿಗೂ ಸಿಕ್ಕಿದ ಗಂಡಿಗೆ ‘ಕ್ರಾಸ್’ ಮಾಡಿಸುವವರಿಗೂ ಇರುವ ವ್ಯತ್ಯಾಸ ಈ ಲೆಕ್ಕದಲ್ಲಿದೆ.

ಕೆಸಿಐ ಕಾಗದದ ಬಗ್ಗೆಯೂ ಒಂದು ಮಾತು. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ ಆರೋಗ್ಯದ ಪ್ರಮಾಣಪತ್ರವಲ್ಲ, ಅದು ವಂಶಾವಳಿ. ಕಾಗದವಿದ್ದ ಮಾತ್ರಕ್ಕೆ ಸೊಂಟ ಗಟ್ಟಿಯಾಗುವುದಿಲ್ಲ. ಆದರೂ ನಮ್ಮಂಥ ಊರಿನಲ್ಲಿ ಅದರ ನಿಜವಾದ ಉಪಯೋಗ ಬೇರೆಯೇ ಇದೆ. ದಾವಣಗೆರೆ, ಹರಿಹರ, ಚಿತ್ರದುರ್ಗ ಮೂರೂ ಕಡೆಯವರು ಹೆಸರಾದ ಒಂದೇ ಗಂಡು ನಾಯಿಯ ಬಳಿಗೆ ತಮ್ಮ ಹೆಣ್ಣನ್ನು ಕರೆದೊಯ್ದರೆ, ನಾಲ್ಕು ವರ್ಷದಲ್ಲಿ ಅಣ್ಣ ತಂಗಿಯರೇ ಗೊತ್ತಿಲ್ಲದೆ ಜೋಡಿಯಾಗುತ್ತಾರೆ. ಅಜ್ಜ, ಮುತ್ತಜ್ಜರ ಹೆಸರಿರುವ ಕಾಗದ ಕೈಯಲ್ಲಿದ್ದರೆ ಅದನ್ನು ತಪ್ಪಿಸಬಹುದು. ತಾಯಿ ತಂದೆ ಎರಡೂ ಕಡೆ ಒಂದೇ ಹೆಸರು ಮತ್ತೆ ಮತ್ತೆ ಬಂದಿದೆಯೇ ಎಂದು ನೀವೂ ನೋಡಿ.

ಕಾನೂನು ಏನು ಹೇಳುತ್ತದೆ ಎಂಬುದೂ ನಿಮಗೆ ಗೊತ್ತಿರಲಿ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಕುರಿತು ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಮತ್ತು ಎಂಟು ವರ್ಷ ದಾಟಿದ ಹೆಣ್ಣಿನಿಂದ ಮರಿ ಮಾಡಿಸುವಂತಿಲ್ಲ. ಒಂದು ಹೆಣ್ಣಿಗೆ ಜೀವಮಾನದಲ್ಲಿ ಐದು ಸೂಲು ಮೀರುವಂತಿಲ್ಲ. ಐದು ಎಂಬುದೇ ನನಗೆ ಹೆಚ್ಚು ಅನ್ನಿಸುತ್ತದೆ.

ಎಂಟು ವಾರದ ಮಾತು ಬರಿಯ ಕಟ್ಟಳೆಯಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ತನ್ನ ಒಡಹುಟ್ಟಿದವರಿಂದಲೇ ಕಲಿಯುತ್ತದೆ. ಇನ್ನೊಂದು, ಪಾರ್ವೊ ಎಂಬ, ವಾಂತಿ ಭೇದಿಯಿಂದ ಮರಿಗಳ ಜೀವ ತೆಗೆಯಬಲ್ಲ ವೈರಸ್ ರೋಗ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವವರೆಗೆ ಲಸಿಕೆಯನ್ನು ನಾಟಲು ಬಿಡುವುದಿಲ್ಲ, ಕೆಲವು ವಾರಗಳಲ್ಲಿ ಆ ರಕ್ಷಣೆಯೂ ಕರಗುತ್ತದೆ. ಯಾವ ಮರಿಗೆ ಯಾವ ವಾರ ಕರಗುತ್ತದೆಂದು ಹೇಳಲಾಗದು. ಅದಕ್ಕಾಗಿಯೇ ಹದಿನಾರನೆಯ ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಲಸಿಕೆ ಹಾಕಿಸುತ್ತಾರೆ. ‘ಒಂದು ಇಂಜೆಕ್ಷನ್ ಆಗಿದೆ, ಸಾಕು’ ಎಂಬ ಮಾತನ್ನು ನಂಬಬೇಡಿ. ಮನೆಯಲ್ಲಿ ಮೊದಲು ಪಾರ್ವೊದಿಂದ ಮರಿ ಸತ್ತಿದ್ದರೆ ಆ ಅಂಗಳದ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಹಿಂದಿನ ಸೂಲಿನ ಮರಿಗಳು ಏನಾದವು ಎಂದು ಸಂಕೋಚವಿಲ್ಲದೆ ಕೇಳಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಆರೋಗ್ಯಕ್ಕಾಗಿ ಹೆಣ್ಣು ನಾಯಿ ಒಂದು ಸಲ ಮರಿ ಹಾಕಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಮರಿ ಹಾಕಿದ ನಾಯಿಗೂ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುತ್ತದೆ. ಅದನ್ನು ತಪ್ಪಿಸುವುದು ಸಂತಾನಹರಣ ಶಸ್ತ್ರಚಿಕಿತ್ಸೆ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗೆ ಅದನ್ನು ತೀರಾ ಬೇಗ ಮಾಡಿಸದೆ ಕೀಲು ಬಲಿಯುವವರೆಗೆ ಕಾಯುವುದು ಒಳ್ಳೆಯದು; ಸಮಯವನ್ನು ನಿಮ್ಮ ವೈದ್ಯರು ನಿರ್ಧರಿಸಲಿ.

ಮರಿ ಮಾಡಿಸುವುದೆಂದರೆ ಏನು ಎಂಬುದನ್ನೂ ಹೇಳುತ್ತೇನೆ. ಗರ್ಭದ ಅವಧಿ ಸುಮಾರು 63 ದಿನ. ನನ್ನ ಎರಡನೆಯ ಸೂಲಿನಲ್ಲಿ ಎಂಟು ಮರಿ ಹುಟ್ಟಿದವು, ಡಿಸೆಂಬರಿನ ರಾತ್ರಿ. ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಒಂದೊಂದರ ಕುತ್ತಿಗೆಗೂ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಸಡಿಲವಾಗಿ ಕಟ್ಟಿ, ಅಡುಗೆಮನೆಯ ತೂಕದ ಯಂತ್ರದ ಮೇಲೆ ಸ್ಟೀಲ್ ಬೋಗುಣಿಯಿಟ್ಟು, ಬೆಳಿಗ್ಗೆ ಸಂಜೆ ತೂಗಿ ಬರೆದಿಡುತ್ತಿದ್ದೆವು. ಹಸಿರು ದಾರದ ಮರಿ ಎರಡನೆಯ ದಿನ 12 ಗ್ರಾಂ ಇಳಿಯಿತು. ನೋಡಲು ಉಳಿದವುಗಳಂತೆಯೇ ಇತ್ತು, ಆದರೆ ಬಾಯಿಗೆ ಬೆರಳಿಟ್ಟರೆ ಎಳೆಯುವ ಬಲವಿರಲಿಲ್ಲ. ಅದಕ್ಕೆ ಮೊದಲು ಮೈ ಬಿಸಿ ಮಾಡಿ, ಆಮೇಲೆ ತಾಯಿಯ ಹಿಂದಿನ ಮೊಲೆಗೆ ಹಿಡಿದು ಕುಡಿಸುತ್ತ ನನ್ನ ಹೆಂಡತಿ ನಾಲ್ಕು ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದಳು. ಆ ಮರಿ ಉಳಿಯಿತು. ಅದರ ಎದೆಯ ಮೇಲೆ ದೊಡ್ಡ ಬಿಳಿ ಮಚ್ಚೆಯಿತ್ತು, ಅಂದರೆ ಪೆಟ್ ಕ್ವಾಲಿಟಿಯೇ; ಈಗ ಹೊಳಲ್ಕೆರೆಯಲ್ಲಿ ಒಂದು ಅಡಿಕೆ ತೋಟದ ಮನೆಯಲ್ಲಿದೆ. ಆ ಸಲ ಪರೀಕ್ಷೆ, ಔಷಧಿ, ಲಸಿಕೆ, ಆಹಾರಕ್ಕೆಲ್ಲ ಖರ್ಚಾದದ್ದನ್ನು ಕಳೆದರೆ ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಒಂದು ಸೂಲಿನಿಂದ ನಾಯಿಯ ಬೆಲೆ ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಅವರು ಇವುಗಳಲ್ಲಿ ಯಾವುದನ್ನು ಬಿಟ್ಟಿದ್ದಾರೆ ಎಂದು ನನಗೆ ಮೊದಲು ಅನುಮಾನವಾಗುತ್ತದೆ.

ಈಗ ಆ ಮನೆಗೆ ಹೋದಾಗ ಮಾಡಬೇಕಾದದ್ದು. ತಾಯಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿ. ಅದು ಹೊಸಬರನ್ನು ಕಂಡು ಮೂಲೆಗೆ ಸರಿಯುತ್ತದೆಯೇ ಎಂಬುದನ್ನೂ ಗಮನಿಸಿ, ಅಂಜಿಕೆಯೂ ಮರಿಗೆ ಬರುತ್ತದೆ. ಮರಿಗಳ ಕಿವಿ, ಕಾಲ್ಬೆರಳ ಸಂದುಗಳಲ್ಲಿ ಉಣ್ಣಿ ಇದೆಯೇ ನೋಡಿ. ನಮ್ಮ ಕಡೆಯ ಬಿಸಿಲಿಗೆ ಉಣ್ಣಿ ಬಹಳ, ಅದರಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಹಾಳುಮಾಡುತ್ತದೆ. ‘ಪೆಟ್ ಕ್ವಾಲಿಟಿ ಎಂದು ಏಕೆ ಹೇಳುತ್ತಿದ್ದೀರಿ’ ಎಂದು ನೇರವಾಗಿ ಕೇಳಿ. ಬಿಳಿ ಮಚ್ಚೆ, ತಲೆ ಸ್ವಲ್ಪ ಕಿರಿದು, ಬಾಲ ತೆಳುವು ಎಂದರೆ ನಿಶ್ಚಿಂತೆಯಿಂದ ತನ್ನಿ. ಗಂಡು ಮರಿಯ ಒಂದು ವೃಷಣ ಇಳಿದಿಲ್ಲ ಎಂದರೆ, ಸಾಕಬಹುದು, ಆದರೆ ಒಳಗುಳಿದದ್ದು ಮುಂದೆ ಗಡ್ಡೆಯಾಗುವ ಸಂಭವ ಹೆಚ್ಚಿರುವುದರಿಂದ ಶಸ್ತ್ರಚಿಕಿತ್ಸೆಯ ಖರ್ಚನ್ನು ಈಗಲೇ ಲೆಕ್ಕ ಹಾಕಿಕೊಳ್ಳಿ. ಎದೆಬಡಿತದಲ್ಲಿ ಸದ್ದಿದೆ, ಹಿಂಗಾಲು ಸ್ವಲ್ಪ ಸೋಲುತ್ತದೆ ಎಂಬ ಉತ್ತರ ಬಂದರೆ ಅದು ರೋಗ, ಗುಣಮಟ್ಟದ ಮಾತಲ್ಲ. ಇಲ್ಲಿ ಎಕ್ಸ್‌-ರೇ ಓದುವುದರಲ್ಲಿ ಸಂದೇಹ ಉಳಿದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಕೊನೆಯದಾಗಿ, ಮನೆಗೆ ಕರೆದೊಯ್ದ ಮೂರು ದಿನದೊಳಗೆ ನಿಮ್ಮ ವೈದ್ಯರು ದೋಷವೇನಾದರೂ ಕಂಡರೆ ಮರಿಯನ್ನು ಹಿಂದಕ್ಕೆ ಪಡೆದು ಹಣ ಕೊಡುತ್ತೇನೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಡಲು ಹೇಳಿ. ಬರೆದುಕೊಟ್ಟರೆ ಮುಂಗಡ ಕೊಟ್ಟು ಬನ್ನಿ.