ಟೆಕ್ಸಾಸ್ ಅಮೆರಿಕದಿಂದ ಬೇರೆಯಾಗಬಹುದೇ?

ಪ್ರಶ್ನೆ: ಬೇಕೆನಿಸಿದಾಗ ಅಮೆರಿಕವನ್ನು ಬಿಟ್ಟುಹೋಗುವ ಹಕ್ಕನ್ನು ಟೆಕ್ಸಾಸ್ ಸೇರ್ಪಡೆಯ ಕಾಲದಲ್ಲೇ ಉಳಿಸಿಕೊಂಡಿದೆ ಎಂದು ಇಲ್ಲಿನ ಸಹೋದ್ಯೋಗಿಗಳು ಹೇಳುತ್ತಾರೆ. ಜನಮತ ಪಡೆದು ರಾಜ್ಯವೊಂದು ಕಾನೂನುಬದ್ಧವಾಗಿ ಬೇರೆಯಾಗಲು ಸಾಧ್ಯವೇ?
– ಓದುಗರೊಬ್ಬರು, ಡಲ್ಲಾಸ್

ಉತ್ತರ: ಸಾಧ್ಯವಿಲ್ಲ. ಆ ಮಾತು ಬಹುಶಃ 1845ರ ಸೇರ್ಪಡೆ ನಿರ್ಣಯವನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದ್ದು. ಟೆಕ್ಸಾಸ್ ಒಪ್ಪಿದರೆ ಅದರ ನೆಲದಲ್ಲೇ ಇನ್ನೂ ನಾಲ್ಕು ರಾಜ್ಯಗಳವರೆಗೆ ರಚಿಸಬಹುದು ಎಂದಷ್ಟೇ ಅದು ಹೇಳುತ್ತದೆ. ಅದು ಮನೆಯೊಳಗಿನ ಹಿಸ್ಸೆಯ ಮಾತೇ ಹೊರತು ಊರು ಬಿಡುವ ಮಾತಲ್ಲ.

ಜನಮತದ ಪ್ರಶ್ನೆಯೂ ಹೊಸದಲ್ಲ. 1861ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಪ್ರತ್ಯೇಕತೆಯ ನಿರ್ಣಯ ಮಾಡಿ, ಅದೇ ತಿಂಗಳು ಮತದಾರರ ಒಪ್ಪಿಗೆಯನ್ನೂ ಪಡೆದಿತ್ತು. ಅದರ ಸಿಂಧುತ್ವ ಕೊನೆಗೆ ತೀರ್ಮಾನವಾದದ್ದು, ವಿಚಿತ್ರವೆಂದರೆ, ಒಂದು ಬಾಂಡ್ ವ್ಯಾಜ್ಯದಲ್ಲಿ. ಗಡಿ ವಿವಾದ ಬಗೆಹರಿಸಿಕೊಂಡದ್ದಕ್ಕೆ ಕೇಂದ್ರವು ಟೆಕ್ಸಾಸಿಗೆ ಸಾವಿರ ಡಾಲರ್ ಮುಖಬೆಲೆಯ, ಶೇ 5 ಬಡ್ಡಿಯ ಬಾಂಡ್‌ಗಳನ್ನು ಕೊಟ್ಟಿತ್ತು. ಗವರ್ನರ್ ಸಹಿಯಿಲ್ಲದೆ ಅವುಗಳನ್ನು ಪರಭಾರೆ ಮಾಡುವಂತಿರಲಿಲ್ಲ. ಅಂತರ್ಯುದ್ಧದ ಕಾಲದ ಟೆಕ್ಸಾಸಿನ ಬಂಡಾಯ ಸರ್ಕಾರ ಆ ನಿಯಮವನ್ನೇ ತೆಗೆದುಹಾಕಿ ಕೆಲವನ್ನು ಮಾರಿತು. ಯುದ್ಧ ಮುಗಿದ ಮೇಲೆ ಅವುಗಳನ್ನು ಮರಳಿ ಪಡೆಯಲು ಟೆಕ್ಸಾಸ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಹಾಗೆ ನೇರವಾಗಿ ದಾವೆ ಹೂಡಲು ಅದು ಒಕ್ಕೂಟದ ರಾಜ್ಯವಾಗಿರಬೇಕಿತ್ತು. ಹಾಗಾಗಿ, ಅದು ಎಂದಾದರೂ ಒಕ್ಕೂಟದಿಂದ ಹೊರಗೆ ಹೋಗಿತ್ತೇ ಎಂಬುದನ್ನು ಕೋರ್ಟ್ ಮೊದಲು ನಿರ್ಧರಿಸಬೇಕಾಯಿತು.

ಹೋಗಿರಲಿಲ್ಲ ಎಂದು 1869ರಲ್ಲಿ ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು, ಮೂವರು ಒಪ್ಪಲಿಲ್ಲ. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಸಾಲ್ಮನ್ ಚೇಸ್ ಯುದ್ಧಕಾಲದಲ್ಲಿ ಲಿಂಕನ್ನರ ಹಣಕಾಸು ಕಾರ್ಯದರ್ಶಿಯಾಗಿದ್ದವರು. ಇಂದಾದರೆ ಅಷ್ಟಕ್ಕೇ ಅವರು ವಿಚಾರಣೆಯಿಂದ ಹಿಂದೆ ಸರಿಯಬೇಕೆಂಬ ಕೂಗು ಏಳುತ್ತಿತ್ತು. ಬಹುಸಂಖ್ಯಾತ ಪ್ರಜೆಗಳು ಒಪ್ಪಿದ್ದರೂ ಪ್ರತ್ಯೇಕತೆಯ ನಿರ್ಣಯ ಶೂನ್ಯವೆಂದು ಕೋರ್ಟ್ ಸ್ಪಷ್ಟವಾಗಿಯೇ ಹೇಳಿತು. ಬಂಡಾಯಕ್ಕೆ ನೆರವಾಗಲು ಮಾಡಿದ ಬಾಂಡ್ ಮಾರಾಟ ಬಿದ್ದುಹೋಯಿತು. ಆದರೆ ಆ ಅವಧಿಯ ಮದುವೆ, ವಾರಸುದಾರಿಕೆ, ಆಸ್ತಿ ಹಸ್ತಾಂತರದಂತಹ ದೈನಂದಿನ ವ್ಯವಹಾರಗಳಿಗೆ ಸಂಬಂಧಿಸಿದ ಕ್ರಮಗಳನ್ನು ಸಾಮಾನ್ಯವಾಗಿ ಸಿಂಧುವೆಂದೇ ಪರಿಗಣಿಸಬೇಕೆಂದಿತು.

ರಾಜ್ಯಗಳಿಗೆ ಬೇರೆಯಾಗುವ ಹಕ್ಕಿಲ್ಲ ಎಂಬುದನ್ನು ಸ್ಥಾಪಿಸಲು ಅಮೆರಿಕನ್ನರು ಅಂತರ್ಯುದ್ಧವನ್ನೇ ಮಾಡಬೇಕಾಯಿತು, ನಾವು ಆರಂಭದಲ್ಲೇ ಸ್ಪಷ್ಟಪಡಿಸುವುದು ಮೇಲು ಎಂದು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ವಿವರಿಸಿದ್ದರು; ಭಾರತವನ್ನು ‘ರಾಜ್ಯಗಳ ಒಕ್ಕೂಟ’ ಎಂದು ಕರೆದದ್ದರ ಹಿಂದಿನ ಕಾರಣ ಅದು.

ಬೇರೆಯಾಗಲು ಚೇಸ್ ಎರಡು ದಾರಿಗಳನ್ನು ಮಾತ್ರ ತೆರೆದಿಟ್ಟರು: ಕ್ರಾಂತಿ, ಇಲ್ಲವೇ ರಾಜ್ಯಗಳ ಸಮ್ಮತಿ. ಕ್ರಾಂತಿ ಕಾನೂನಿನ ದಾರಿಯಲ್ಲ. ಸಮ್ಮತಿಯನ್ನು ಹೇಗೆ ಪಡೆಯಬೇಕೆಂದು ಸಂವಿಧಾನ ಹೇಳಿಲ್ಲ; ತಿದ್ದುಪಡಿಯೇ ಸುರಕ್ಷಿತ ಮಾರ್ಗವೆಂದು ನನ್ನ ಅಭಿಪ್ರಾಯ, ಅದಕ್ಕೆ 50ರಲ್ಲಿ 38 ರಾಜ್ಯಗಳ ಅನುಮೋದನೆ ಬೇಕು. ಟೆಕ್ಸಾಸಿನವರು ಮಾತ್ರ ಹಾಕುವ ಮತಕ್ಕೆ 1861ರಲ್ಲಿದ್ದಷ್ಟೇ ಬೆಲೆ.