ಮಕ್ಕಳ ಜೊತೆ ಮರಳಿನ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ನಾಲ್ಕು ಜನ. ಮಗಳಿಗೆ 12, ಮಗನಿಗೆ 8 ವರ್ಷ. ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಬರುವ ಪ್ಯಾಕೇಜ್ ಟೂರ್ ಬೇಡ, ರಾಜಸ್ಥಾನದ ಮರಳಲ್ಲಿ ನಡೆಯಬೇಕು ಅಂತ ಮಕ್ಕಳ ಆಸೆ. ಬೇಸಿಗೆ ರಜೆಯಲ್ಲಾದರೆ ಹೋಟೆಲ್ ಅಗ್ಗವಂತೆ. ಕಡಿಮೆ ಖರ್ಚಿನಲ್ಲಿ ಹೇಗೆ ಹೋಗಿಬರುವುದು?
– ಶಾಲಾ ಶಿಕ್ಷಕಿ, ತುಮಕೂರು

ಉತ್ತರ: ಬೇಸಿಗೆಯಲ್ಲಿ ಅಗ್ಗ, ಏಕೆಂದರೆ ಆಗ ಯಾರೂ ಹೋಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಜೈಸಲ್ಮೇರ್‌ನಲ್ಲಿ 42 ಡಿಗ್ರಿ ಮಾಮೂಲು, ಮರಳಿನ ಮೇಲ್ಮೈಯಂತೂ 60 ದಾಟುತ್ತದೆ. ಆ ರಜೆಯನ್ನು ಮರೆತುಬಿಡಿ. ದಸರಾ ರಜೆಯಲ್ಲೂ ಹಗಲು 35ರ ಮೇಲೇ ಇರುತ್ತದೆ. ದೀಪಾವಳಿಗೆ ಗುಜರಾತಿನ ಜನ ಅಲ್ಲಿಗೆ ದಂಡುಗಟ್ಟಿ ಬರುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹವೆ ಚೆಂದ, ಆದರೆ ಬಾಡಿಗೆ ಕೇಳುವ ಹಾಗಿಲ್ಲ. ಉಳಿಯುವುದು ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ, ಇಲ್ಲವೇ ಸಂಕ್ರಾಂತಿ ಆದಮೇಲಿನ ದಿನಗಳು. ಮಕ್ಕಳಿಗೆ ಒಂದು ವಾರ ಶಾಲೆ ತಪ್ಪಿಸಿ ಎಂದು ಶಿಕ್ಷಕಿಗೇ ಹೇಳಲು ಸಂಕೋಚ. ಆದರೂ ಖರ್ಚು ಇಳಿಯುವುದು ಅಲ್ಲೇ.

ಪ್ರಯಾಣಕ್ಕೆ ರೈಲೇ ಸರಿ. ಹುಬ್ಬಳ್ಳಿ ಮಾರ್ಗದ ಬೆಂಗಳೂರು–ಜೋಧಪುರ ಎಕ್ಸ್‌ಪ್ರೆಸ್ ತುಮಕೂರಿನ ಮೇಲೇ ಹಾದುಹೋಗುತ್ತದೆ. ದಿನವೂ ಇಲ್ಲ, ವಾರದ ದಿನ ನೋಡಿಕೊಂಡು ರಜೆ ಹಾಕಿ. ಎರಡು ರಾತ್ರಿ ರೈಲಿನಲ್ಲೇ ಕಳೆಯುತ್ತವೆ, ಜೋಧಪುರದಲ್ಲಿ ಇಳಿದು ಮುಂದೆ ಜೈಸಲ್ಮೇರ್‌ಗೆ ಹೋಗಬೇಕು. ಮುಂಗಡ ಬುಕಿಂಗ್ ಈಗ 120 ದಿನ ಮೊದಲಲ್ಲ, 60 ದಿನ ಮೊದಲು ತೆರೆಯುತ್ತದೆ (2024ರ ನವೆಂಬರ್‌ನಿಂದ). ಹಳೆಯ ಲೆಕ್ಕದಲ್ಲಿದ್ದವರು ಇಲ್ಲಿ ಎಡವುತ್ತಾರೆ. 8 ವರ್ಷದ ಮಗನಿಗೆ ಬರ್ತ್ ಬೇಡವೆಂದರೆ ಅರ್ಧ ಟಿಕೆಟ್, ಬೇಕೆಂದರೆ ಪೂರ್ತಿ. ಎರಡು ರಾತ್ರಿಯ ದಾರಿ, ಬರ್ತ್ ತೆಗೆದುಕೊಳ್ಳಿ. ಅಲ್ಲಿ ಉಳಿಸಿದ ದುಡ್ಡು ನಿದ್ದೆಗೆಟ್ಟ ಮಗುವಿನ ರೂಪದಲ್ಲಿ ಮೂರನೇ ದಿನ ವಾಪಸ್ ಬರುತ್ತದೆ.

ದುಡ್ಡು ಸೋರುವ ಜಾಗ ಒಂದೇ: ಜೈಸಲ್ಮೇರ್ ಬಳಿಯ ಸಮ್ ಎಂಬ ಊರಿನ ಮರಳುದಿಬ್ಬಗಳ ಪಕ್ಕದ ಟೆಂಟ್ ಕ್ಯಾಂಪುಗಳು. ಒಂಟೆ ಸವಾರಿ, ಜೀಪ್ ಕುಣಿತ, ರಾತ್ರಿ ಡ್ಯಾನ್ಸು, ಬಫೆ ಎಲ್ಲ ಸೇರಿಸಿ ಒಂದೇ ದರ ಹೇಳುತ್ತಾರೆ. ನಡೆಯಲು ಬಂದವರಿಗೆ ಅದರಲ್ಲಿ ಬೇಕಾದದ್ದು ಕಾಲು ಭಾಗವೂ ಇರುವುದಿಲ್ಲ. ಸಮ್ ಬದಲು ಖೂರಿ ನೋಡಿ. ಜೈಸಲ್ಮೇರ್‌ನಿಂದ ನೈರುತ್ಯಕ್ಕೆ ಸುಮಾರು 50 ಕಿ.ಮೀ. ದೂರದ ಹಳ್ಳಿ. ಮನೆಗಳಲ್ಲೇ ಉಳಿಸಿಕೊಂಡು ಊಟ ಹಾಕುತ್ತಾರೆ, ಮರಳು ಊರಿನ ಬೆನ್ನಿಗೇ ಇದೆ. ಒಂಟೆ ಬೇಕಾದರೆ ನಾಲ್ಕಲ್ಲ, ಒಂದೇ ಸಾಕು, ಅದೂ ಏರಲಿಕ್ಕಲ್ಲ, ನೀರು, ಕಂಬಳಿ ಹೊರಲಿಕ್ಕೆ. ನೀವು ಪಕ್ಕದಲ್ಲಿ ನಡೆಯಿರಿ. ಸುಸ್ತಾದ ಮಗುವನ್ನು ಕೊನೆಯ ಅರ್ಧ ಗಂಟೆ ಅದರ ಮೇಲೆ ಕೂರಿಸಲೂ ಬರುತ್ತದೆ. ಮಾತಾಡುವಾಗ ಎಷ್ಟು ಗಂಟೆ, ಒಂಟೆಯವರ ಊಟ ಯಾರದು, ಬೆಳಗಿನ ವಾಪಸಾತಿ ಸೇರಿದೆಯೇ, ಮೂರನ್ನೂ ಕೇಳಿ, ಅರ್ಧ ಹಣ ಮಾತ್ರ ಮೊದಲು ಕೊಡಿ.

ಜೈಸಲ್ಮೇರ್ ಊರಲ್ಲಿ ಉಳಿಯುವ ದಿನ ಕೋಟೆಯೊಳಗಿನ ರೂಮು ಬೇಡ, ಹೊರಗಿನದು ಹಿಡಿಯಿರಿ. 1156ರಲ್ಲಿ ಕಟ್ಟಲು ತೊಡಗಿದ ಆ ಕೋಟೆಯ ಬುಡಕ್ಕೆ ಒಳಗಿನ ಮನೆ, ಹೋಟೆಲುಗಳ ಬಳಕೆಯ ನೀರು ಇಂಗಿ ಗೋಡೆಗಳು ಸಡಿಲಾಗಿವೆ.

ಪ್ರಶ್ನೆ: ನಮ್ಮ ಮಕ್ಕಳು (7 ಮತ್ತು 11) ಸ್ಕಂದಗಿರಿ ಹತ್ತಿ ಇಳಿದಿದ್ದಾರೆ. ಮರಳಲ್ಲಿ ದಿನಕ್ಕೆ 10 ಕಿ.ಮೀ. ಆದೀತೇ?
– ರೇಷ್ಮೆ ಬೆಳೆಗಾರರು, ಚಿಕ್ಕಬಳ್ಳಾಪುರ

ಉತ್ತರ: ಆಗದು. ಸ್ಕಂದಗಿರಿಯ ಬಂಡೆ ನಿಮ್ಮ ಕಾಲನ್ನು ಹಿಂದಕ್ಕೆ ತಳ್ಳುತ್ತದೆ, ಮರಳು ನುಂಗುತ್ತದೆ. ಗಟ್ಟಿ ನೆಲದಲ್ಲಿ ನಡೆಯುವುದಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು. ಮಕ್ಕಳ ಜೊತೆ ಗಂಟೆಗೆ 2 ಕಿ.ಮೀ. ಎಂದಿಟ್ಟುಕೊಳ್ಳಿ. ಬೆಳಗ್ಗೆ 3, ಸಂಜೆ 2 ಕಿ.ಮೀ. ಆದರೆ 7 ವರ್ಷದ ಮಗುವಿಗೆ ಆ ದಿನ ಮುಗಿಯಿತು.

ದಿಬ್ಬ ಹತ್ತುವುದಕ್ಕೂ ಒಂದು ರೀತಿ ಇದೆ. ಪ್ರತಿ ದಿಬ್ಬಕ್ಕೆ ಎರಡು ಮುಖ. ಗಾಳಿ ಬೀಸುವ ಕಡೆಯದು ಇಳಿಜಾರು ಕಡಿಮೆ, ಮರಳು ಒತ್ತಿ ಕೂತಿರುತ್ತದೆ, ಅಲೆ ಅಲೆ ಗೆರೆ ಕಾಣುತ್ತದೆ. ಆಚೆ ಬದಿ 30ರಿಂದ 34 ಡಿಗ್ರಿ ಕಡಿದು, ಗೆರೆಯಿಲ್ಲದೆ ನುಣ್ಣಗಿರುತ್ತದೆ. ಅಲ್ಲಿ ಒಂದು ಹೆಜ್ಜೆ ಇಟ್ಟರೆ ಮುಕ್ಕಾಲು ಹೆಜ್ಜೆ ಜಾರುತ್ತದೆ. ಗೆರೆ ಇರುವ ಕಡೆ ಹತ್ತಿ, ಏಣಿನ ಮೇಲೆ ನಡೆದು, ನುಣ್ಣನೆ ಕಡೆ ಇಳಿಯಿರಿ. ಮಕ್ಕಳು ಹೇಗೂ ಉರುಳಿಕೊಂಡೇ ಇಳಿಯುತ್ತಾರೆ. ಕೆಳಗೆ ಮುಳ್ಳುಗಿಡ ಇಲ್ಲವೆಂದು ಮೊದಲು ನೋಡಿ.

ಅಭ್ಯಾಸಕ್ಕೆ ಬೆಟ್ಟಕ್ಕಿಂತ ಒಣಗಿದ ಹೊಳೆಯೇ ಒಳ್ಳೆಯದು. ಗೌರಿಬಿದನೂರು ಕಡೆ ಉತ್ತರ ಪಿನಾಕಿನಿ, ಕೊರಟಗೆರೆ–ಮಧುಗಿರಿ ಕಡೆ ಜಯಮಂಗಲಿ, ಮರಳು ತೆಗೆಯುವವರು ಏನಾದರೂ ಉಳಿಸಿದ್ದರೆ. ನಾಲ್ಕು ಭಾನುವಾರ ಅರ್ಧರ್ಧ ಗಂಟೆ, ಕೊನೆಯ ವಾರ ಒಂದು ಗಂಟೆ ನಡೆಸಿ. ಮರಳು ತೆಗೆದ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ.

ಜೋಧಪುರದಲ್ಲಿ ಇಳಿದ ಮರುದಿನವನ್ನು ಮೆಹ್ರಾನ್‌ಗಢ ಕೋಟೆಯ ಬುಡದ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನಕ್ಕೆ ಇಟ್ಟುಕೊಳ್ಳಿ. ಸುಮಾರು 70 ಹೆಕ್ಟೇರ್. ಬಳ್ಳಾರಿ ಜಾಲಿ ಆವರಿಸಿದ್ದ ಬಂಡೆನೆಲವನ್ನು 2006ರಿಂದ ಬಿಡಿಸಿ, ಮರುಭೂಮಿಯ ಸ್ವಂತ ಗಿಡಗಳನ್ನು ನೆಟ್ಟು ಬೆಳೆಸಿದ್ದಾರೆ. ಗುರುತು ಹಾಕಿದ ಕಾಲುದಾರಿಗಳಿವೆ, ದಾರಿ ತಪ್ಪುವ ಭಯವಿಲ್ಲ. ಬಳ್ಳಾರಿ ಜಾಲಿ ಏನು ಮಾಡುತ್ತದೆಂದು ನಮ್ಮ ಕೆರೆ ಅಂಗಳ ನೋಡಿದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೈಸಲ್ಮೇರ್ ಸೇರಿದ ಮೇಲೆ ಅರ್ಧ ದಿನ ಬಾಡ್ಮೇರ್ ರಸ್ತೆಯಲ್ಲಿ 17 ಕಿ.ಮೀ. ದೂರದ ಆಕಲ್‌ಗೆ ಹೋಗಿ. ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಒಂದು ಗಂಟೆಯ ಸಪಾಟು ನಡಿಗೆ, ನೆರಳು ಮಾತ್ರ ಇಲ್ಲ.

ಮರುಭೂಮಿ ರಾಷ್ಟ್ರೀಯ ಉದ್ಯಾನದ ಬೇಲಿ ಕಂಡರೆ ಒಳಗೆ ಕಾಲಿಡಬೇಡಿ, ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಬಳ್ಳಾರಿ ಸೀಮೆಯಲ್ಲಿ ಹೆಚ್ಚುಕಡಿಮೆ ಕಾಣದಾಗಿರುವ ಎರೆಭೂತ ಹಕ್ಕಿ ಮೊಟ್ಟೆಯಿಡುವ ನೆಲ ಅದು.

ಪ್ರಶ್ನೆ: ಅಂತರಗಂಗೆಯಲ್ಲಿ ಹನ್ನೊಂದು ಗಂಟೆ ಬಿಸಿಲಿಗೆ 9 ವರ್ಷದ ಮಗ ವಾಂತಿ ಮಾಡಿಕೊಂಡು ಕೂತುಬಿಟ್ಟ. ದಾರಿಯಲ್ಲಿ ಒಂದು ಬಾಟಲಿ ಕೂಲ್‌ಡ್ರಿಂಕ್ ಕುಡಿಸಿದ್ದೆವು. ಇಂಥವನನ್ನು ಮರುಭೂಮಿಗೆ ಕರೆದೊಯ್ಯಬಹುದೇ? ಎಷ್ಟು ನೀರು ಬೇಕು?
– ಬ್ಯಾಂಕ್ ನೌಕರರು, ಕೋಲಾರ

ಉತ್ತರ: ಕರೆದೊಯ್ಯಬಹುದು, ಕೂಲ್‌ಡ್ರಿಂಕ್ ಬಿಟ್ಟು. ಅದರಲ್ಲಿ 100 ಮಿ.ಲೀ.ಗೆ 10 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಅಷ್ಟು ಸಿಹಿ ಹೊಟ್ಟೆಯಲ್ಲೇ ನಿಲ್ಲುತ್ತದೆ, ಬೇಗ ಮೈಗೆ ಹತ್ತುವುದಿಲ್ಲ. ಬೆವರಲ್ಲಿ ಹೋದ ಉಪ್ಪಂತೂ ಅದರಿಂದ ವಾಪಸ್ ಬರುವುದಿಲ್ಲ.

ಮರುಭೂಮಿಯಲ್ಲಿ ಮೋಸಹೋಗುವುದು ಬೆವರಿನ ವಿಷಯದಲ್ಲೇ. ಕೋಲಾರದಲ್ಲಿ ಬನಿಯನ್ ಒದ್ದೆಯಾದಾಗ ನಿಮಗೆ ಗೊತ್ತಾಗುತ್ತದೆ. ಜೈಸಲ್ಮೇರ್‌ನ ಒಣಗಾಳಿಗೆ ಬೆವರು ಮೂಡುತ್ತಲೇ ಆರುತ್ತದೆ. ಮಗುವಿನ ಮೈ ಒಣಗಿಯೇ ಇರುತ್ತದೆ, ಚಳಿಗಾಲ ಬೇರೆ, ಬಾಯಾರಿಕೆಯೂ ಆಗುವುದಿಲ್ಲ. ಕೇಳಿದಾಗ ಕೊಡೋಣ ಎಂದು ಕಾದರೆ ತಡವಾಯಿತು. 20 ನಿಮಿಷಕ್ಕೊಮ್ಮೆ ನಿಲ್ಲಿಸಿ, ದೊಡ್ಡವರಿಗೆ ಸುಮಾರು ಒಂದು ಲೋಟ, ಮಕ್ಕಳಿಗೆ ಮುಕ್ಕಾಲು. ಚಳಿಗಾಲದ ಮೂರು ಗಂಟೆ ನಡಿಗೆಗೆ ದೊಡ್ಡವರಿಗೆ ಎರಡು ಲೀಟರ್, 8–10 ವರ್ಷದವರಿಗೆ ಒಂದೂವರೆ. ನಾಲ್ಕು ಜನಕ್ಕೆ 7 ಲೀಟರ್ ಆಯಿತು, ಅದರ ಮೇಲೆ 3 ಲೀಟರ್ ಯಾರೂ ಮುಟ್ಟದ ಮೀಸಲು. ಹತ್ತು ಲೀಟರ್ ಎಂದರೆ ಹತ್ತು ಕೆ.ಜಿ. ಒಂಟೆ ಹೊರಲಿ ಎಂದದ್ದು ಇದಕ್ಕೇ. ಆದರೂ ಪ್ರತಿಯೊಬ್ಬರ ಬೆನ್ನ ಮೇಲೂ ಅರ್ಧ ಲೀಟರ್ ಇರಲೇಬೇಕು. ಒಂಟೆ ಒಂದು ದಿಬ್ಬದ ಆಚೆ ಹೋದರೂ ನೀರು ಹೋದಂತೆಯೇ.

ಓ.ಆರ್.ಎಸ್. ಪೊಟ್ಟಣ ನಾಲ್ಕೈದು ಇಟ್ಟುಕೊಳ್ಳಿ. ದೊಡ್ಡ ಪೊಟ್ಟಣ (ಸುಮಾರು 21 ಗ್ರಾಂ) ಒಂದು ಲೀಟರ್‌ಗೇ ಬೆರೆಸಬೇಕು. ಒಂದು ಲೋಟಕ್ಕೆ ಪೂರ್ತಿ ಸುರಿದರೆ ಉಪ್ಪು ಹೆಚ್ಚಾಗಿ ವಾಂತಿ ಜಾಸ್ತಿಯಾಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್‌ಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲವೂ ಮಟ್ಟ ಮಾಡಿದ ಚಮಚ. ದಿನವಿಡೀ ಬರೀ ನೀರು ಕುಡಿಸುವುದೂ ತಪ್ಪು. ನಡುನಡುವೆ ನಿಪ್ಪಟ್ಟು, ಉಪ್ಪು ಹಚ್ಚಿ ಹುರಿದ ಕಡಲೆಕಾಯಿ ಬೀಜ ಇರಲಿ. ಬೆಲ್ಲ ಕಲಸಿದ ರಾಗಿ ಹುರಿಹಿಟ್ಟಿನ ಉಂಡೆಯಂತೂ ಕೆಡುವುದಿಲ್ಲ, ಒಂದು ತಿಂದರೆ ಎರಡು ಗಂಟೆ ಹಸಿವಿಲ್ಲ.

ಮತ್ತೆ ವಾಂತಿಯಾದರೆ ನಡಿಗೆ ಅಲ್ಲಿಗೇ ನಿಲ್ಲಿಸಿ. ನೆರಳು ಸಿಗದಿದ್ದರೆ ಪಂಚೆ ಹಿಡಿದು ನೆರಳು ಮಾಡಿ, ಬಟ್ಟೆ ಸಡಿಲಿಸಿ, ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಹಾಕಿ. ಹತ್ತು ನಿಮಿಷ ಬಿಟ್ಟು ನಿಮಿಷಕ್ಕೊಂದು ಚಮಚದಂತೆ ಓ.ಆರ್.ಎಸ್. ಕುಡಿಸಿ. ಮಗು ತೂಕಡಿಸಿದರೆ, ಮಾತು ಹೊಂದದಿದ್ದರೆ 108ಕ್ಕೆ ಫೋನ್ ಮಾಡಿ. ದಿನಕ್ಕೊಮ್ಮೆ ಮೂತ್ರದ ಬಣ್ಣ ಕೇಳುವುದನ್ನು ರೂಢಿ ಮಾಡಿ. ತಿಳಿ ಹಳದಿ ಇದ್ದರೆ ಸರಿ, ಕಡು ಚಹಾದಂತಿದ್ದರೆ ನಡಿಗೆ ಬೇಡ.

ಒಣಗಾಳಿಗೆ ಮಕ್ಕಳ ಮೂಗಿನಿಂದ ರಕ್ತ ಬರುವುದುಂಟು. ತಲೆ ಹಿಂದಕ್ಕೆ ಬಾಗಿಸಬೇಡಿ. ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತನೆ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ.

ಪ್ರಶ್ನೆ: ನಮ್ಮದೇ ಟೆಂಟ್, ಚಿಕ್ಕ ಗ್ಯಾಸ್ ಸ್ಟೌ ಇದೆ. ಮರಳಲ್ಲೇ ಒಂದು ರಾತ್ರಿ ಅಡುಗೆ ಮಾಡಿಕೊಂಡು ಮಲಗಿದರೆ ಇನ್ನೂ ಉಳಿತಾಯವಲ್ಲವೇ?
– ಮಧುಗಿರಿ

ಉತ್ತರ: ಸ್ಟೌ ಮನೆಯಲ್ಲೇ ಬಿಡಿ. ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ನಿಷಿದ್ಧ, ಚಿಕ್ಕದಾದರೂ ಅಷ್ಟೇ. ಊಟ ಹಳ್ಳಿ ಮನೆಯದೇ ಅಗ್ಗ ಬೀಳುತ್ತದೆ.

ಟೆಂಟಿನ ಮೊಳೆಗಳು ಮರಳಲ್ಲಿ ನಿಲ್ಲುವುದಿಲ್ಲ, ಮೊದಲ ಗಾಳಿಗೇ ಕಿತ್ತು ಬರುತ್ತವೆ. 5 ಕೆ.ಜಿ. ಅಕ್ಕಿಯ ಖಾಲಿ ಚೀಲ ನಾಲ್ಕಾರು ಒಯ್ಯಿರಿ. ಮರಳು ತುಂಬಿ, ಹಗ್ಗವನ್ನು ಚೀಲದ ನಡುವಿಗೆ ಕಟ್ಟಿ, ಒಂದಡಿ ಆಳಕ್ಕೆ ಅಡ್ಡಲಾಗಿ ಹೂತು, ಮೇಲೆ ತುಳಿಯಿರಿ. ದಿಬ್ಬಗಳ ನಡುವಿನ ತಗ್ಗು ಗಾಳಿಮರೆ ಎಂದು ಎಲ್ಲರೂ ಅಲ್ಲೇ ಟೆಂಟ್ ಹಾಕುತ್ತಾರೆ. ರಾತ್ರಿಯ ತಣ್ಣನೆ ಗಾಳಿ ನೀರಿನಂತೆ ಹರಿದು ಆ ತಗ್ಗಿನಲ್ಲೇ ನಿಲ್ಲುತ್ತದೆ. ದಿಬ್ಬದ ಸೊಂಟದಷ್ಟು ಎತ್ತರ ಸರಿ. ಜನವರಿಯಲ್ಲಿ ಹಗಲು 23–24 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 8ಕ್ಕೆ ಇಳಿಯುತ್ತದೆ. ಚಳಿ ಕೆಳಗಿನಿಂದಲೇ ಏರುವುದರಿಂದ ಎರಡು ಕಂಬಳಿ ಇದ್ದರೆ ಒಂದನ್ನು ಹಾಸಿಕೊಳ್ಳಿ.

ಇನ್ನೊಂದು ಮಾತು: ಬೆಳಗ್ಗೆ ಆರಕ್ಕೇ ಹೊರಡೋಣ ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯದು. ಡಿಸೆಂಬರ್ ಕೊನೆಗೆ ಜೈಸಲ್ಮೇರ್‌ನಲ್ಲಿ ಸೂರ್ಯ ಹುಟ್ಟುವುದು ಏಳೂವರೆ ಹೊತ್ತಿಗೆ, ಮುಳುಗುವುದು ನಮ್ಮಂತೆಯೇ ಆರರ ಸುಮಾರಿಗೆ. ಸಂಜೆಯ ನಡಿಗೆ ನಾಲ್ಕಕ್ಕೆ ಶುರುವಾದರೆ ಐದಕ್ಕೆ ವಾಪಸ್ ತಿರುಗಿ. ನಿಮ್ಮ ಹೆಜ್ಜೆಗುರುತನ್ನು ನಂಬಬೇಡಿ, ಗಾಳಿ ಅಳಿಸಿರುತ್ತದೆ. ಹೊರಡುವ ಮುನ್ನ ಫೋನಿಗೆ ಆಫ್‌ಲೈನ್ ಮ್ಯಾಪ್ ಇಳಿಸಿ, ಉಳಿದ ಮನೆಯ ಗುರುತು ಹಾಕಿಕೊಳ್ಳಿ. ಮಕ್ಕಳ ಕೊರಳಿಗೊಂದು ಪೀಪಿ, ಕಾಣದಾದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು.

ಪ್ರಶ್ನೆ: ಶೂ ಯಾವುದು? ಹಾವು, ಚೇಳಿನ ಭಯ ಎಷ್ಟು?
– ಗೃಹಿಣಿ, ಚಿಂತಾಮಣಿ

ಉತ್ತರ: ಜಾಲರಿ ಬಟ್ಟೆಯ ಓಟದ ಶೂ ಬೇಡ, ಮರಳು ಸೋಸಿಕೊಂಡು ಒಳಗೆ ಬರುತ್ತದೆ. ಮಕ್ಕಳ ಶಾಲೆಯ ಕ್ಯಾನ್ವಾಸ್ ಶೂ ಸಾಕು. ಹಳೆಯ ಸಾಕ್ಸಿನ ಪಾದ ಕತ್ತರಿಸಿ, ಉಳಿದ ಕೊಳವೆಯನ್ನು ಶೂ ಬಾಯಿಯ ಮೇಲೆ ಎಳೆದುಕೊಂಡರೆ ಮರಳು ಒಳಗಿಳಿಯದು. ಉಣ್ಣೆಯ ಸಾಕ್ಸ್ ಮಾತ್ರ ಬೇಡವೇ ಬೇಡ. ಮಳೆಗಾಲ ಮುಗಿದ ಮೇಲೆ ಭರೂಟ್ ಎಂಬ ಹುಲ್ಲಿನ ಮುಳ್ಳುಬೀಜ ಎಲ್ಲೆಡೆ ಇರುತ್ತದೆ, ನಮ್ಮ ಉತ್ತರಾಣಿ ಅದರ ಮುಂದೆ ಸಾಧು. ಬೆರಳಲ್ಲಿ ಕಿತ್ತರೆ ಬೆರಳಿಗೇ ನಾಟುತ್ತದೆ. ಬಾಚಣಿಗೆ, ಚಿಮಟ ಇಟ್ಟುಕೊಳ್ಳಿ.

ಗರಗಸ ಮಂಡಲ ಅಲ್ಲಿನ ವಿಷದ ಹಾವು. ಚಳಿ ರಾತ್ರಿಗಳಲ್ಲಿ ಓಡಾಟ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಕತ್ತಲಲ್ಲಿ ಬಹಿರ್ದೆಸೆಗೆ ಹೋಗುವಾಗ ಟಾರ್ಚ್, ಶೂ ಎರಡೂ ಬೇಕು. ಬೆಳಗ್ಗೆ ಶೂ ಕೊಡವಿ ಹಾಕಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಾಲು ಅಲುಗದಂತೆ ಕೋಲು ಕಟ್ಟಿ, ಜೀಪಿನಲ್ಲಿ ಮಲಗಿಸಿ ನೇರ ಜಿಲ್ಲಾ ಆಸ್ಪತ್ರೆಗೆ.

ಪ್ರಶ್ನೆ: ನಮ್ಮ ತಾಲ್ಲೂಕೇ ಮರುಭೂಮಿ ಇದ್ದಂಗಿದೆ. ಅಷ್ಟು ದೂರ ಯಾಕ್ ಹೋಗ್ಬೇಕು ಸ್ವಾಮಿ?
– ಪಾವಗಡ

ಉತ್ತರ: ನಿಮ್ಮಲ್ಲಿ ಬೀಳುವ ಮಳೆಯ ಅರ್ಧವೂ ಜೈಸಲ್ಮೇರ್‌ಗೆ ಬೀಳುವುದಿಲ್ಲ ಸ್ವಾಮಿ. ಆದರೆ ದುಡ್ಡು ಹೊಂದುವವರೆಗೆ ಜನವರಿಯ ಒಂದು ಬೆಳಗ್ಗೆ ನಿಮ್ಮೂರಿನ ಕೋಟೆ ಬೆಟ್ಟವನ್ನೇ ಹತ್ತಿ. ನೀರಿನ ಲೆಕ್ಕ ಮಾತ್ರ ಕೋಲಾರದವರಿಗೆ ಹೇಳಿದ್ದೇ.